ಮುರಿದ ಮೇಲೆ ಬನ್ನಿ ಎಂದವರಿಗೆ

ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಮೂಳೆಗಳು ನಿಮ್ಮಲ್ಲಿ ಯಾವ ವಿಭಾಗಕ್ಕೆ ಸೇರುತ್ತವೆ ಎಂಬುದನ್ನು ದಯವಿಟ್ಟು ತಿಳಿಸಿ. ಎರಡು ವರ್ಷದ ಹಿಂದೆ ನಿಮ್ಮ ವೈದ್ಯರು ನನಗೆ ಕಿಡ್ನಿ ಕಸಿ ಮಾಡಿದರು. ಕೊಟ್ಟವರು ನನ್ನ ಅತ್ತೆ, ಗಂಡನ ತಾಯಿ. ಅತ್ತೆ ಸೊಸೆಗೆ ಕಿಡ್ನಿ ಕೊಟ್ಟರು ಎಂದರೆ ನಮ್ಮ ಬೀದಿಯಲ್ಲಿ ಇನ್ನೂ ಯಾರೂ ನಂಬುವುದಿಲ್ಲ. ನೀವಾದರೂ ನಂಬಬೇಕು, ನಿಮ್ಮಲ್ಲೇ ಆದದ್ದು. ಆ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲೆಂದು ದಿನವೂ ಸ್ಟೀರಾಯ್ಡ್ ಮಾತ್ರೆ ನುಂಗುತ್ತೇನೆ. ಅದೇ ಮಾತ್ರೆ ಮೂಳೆಯನ್ನು ಸವೆಸುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದು ನನ್ನ ಪಕ್ಕೆಲುಬು. ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಚಾದರ ಮಡಚುತ್ತ ನಿಂತಿದ್ದವಳು ಒಂದು ಸೀನು ಸೀನಿದೆ, ಅದು ಮುರಿಯಿತು.

ಮೂಳೆ ವಿಭಾಗದ ಡಾಕ್ಟರು, "ಎಲ್ಲಿ ಬಿದ್ರಿ?" ಎಂದರು.

"ಬೀಳ್ಲಿಲ್ಲ ಸಾರ್, ಸೀನಿದೆ."

"ಸೀನಿದ್ರೆಲ್ಲ ಮುರಿಯಲ್ಲಮ್ಮ. ನೆನಪು ಮಾಡ್ಕೊಳ್ಳಿ."

ನಾನು ಎದುರು ಮಾತಾಡುವವಳಲ್ಲ. ಜೊತೆಗೆ ಬಂದಿದ್ದ ಅತ್ತೆಗೆ ಆ ತೊಂದರೆ ಇಲ್ಲ. "ಮುಂದಿನ ಸಲ ಇವಳು ಸೀನೋವಾಗ ಸಾಕ್ಷಿಗೆ ನೀವೇ ಬಂದು ನಿಂತ್ಕೊಳ್ಳಿ ಸ್ವಾಮಿ," ಎಂದರು.

ಪಕ್ಕೆಲುಬು ಕೂಡಿತು. ಉಳಿದ ಮೂಳೆಗಳ ಗಟ್ಟಿತನ ಅಳೆಯಿರಿ ಎಂದು ಕೇಳಿದೆವು. ಕಿಡ್ನಿ ವಿಭಾಗ "ಮೂಳೆ ನಮ್ಮದಲ್ಲ" ಎಂದಿತು. ಮೂಳೆ ವಿಭಾಗ "ಈಗೇನೂ ಮುರಿದಿಲ್ವಲ್ಲ, ಮುರಿದ ಮೇಲೆ ಬನ್ನಿ" ಎಂದಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಬರೀ ಗಾದೆ ಎಂದುಕೊಂಡಿದ್ದೆ. ನಿಮ್ಮಲ್ಲಿ ಅದು ನಿಯಮ.

ಎರಡು ಬಾಗಿಲುಗಳ ನಡುವೆ ಅಲೆದು ಸಾಕಾದ ಅತ್ತೆ ಕೊನೆಗೆ ತಾವೇ ವೈದ್ಯಕ್ಕೆ ಇಳಿದರು. ದಿನದ ಮಾತ್ರೆಗಳನ್ನು ನನ್ನ ಅಂಗೈಗೆ ಹಾಕುವವರು ಅವರು. ನಾನು ನೋಡದೆ ನುಂಗುವವಳು. ಸ್ಟೀರಾಯ್ಡನ್ನು ಚಾಕುವಿನಿಂದ ಅರ್ಧ ಮಾಡಿ ಹಾಕತೊಡಗಿದರು. "ಅರ್ಧ ನುಂಗಿದ್ರೆ ಮೂಳೆನೂ ಅರ್ಧ ತಾನೆ ಸವೆಯೋದು?" ಎಂಬುದು ಅವರ ಲೆಕ್ಕ. ಕಿಡ್ನಿ ಅದನ್ನು ಒಪ್ಪಲಿಲ್ಲ. ರಕ್ತ ಪರೀಕ್ಷೆಯಲ್ಲಿ ಅದು ಕೈಕೊಡುತ್ತಿರುವುದು ಕಂಡಿತು. ವಾರ್ಡಿನಲ್ಲಿ ಮಲಗಿ ಅದೇ ಸ್ಟೀರಾಯ್ಡನ್ನು, ಮಾತ್ರೆಗಿಂತ ಎಷ್ಟೋ ಪಟ್ಟು ಹೆಚ್ಚಾಗಿ, ನರಕ್ಕೆ ಹಾಕಿಸಿಕೊಂಡೆ. ಕಿಡ್ನಿ ಸದ್ಯಕ್ಕೆ ಉಳಿಯಿತು. ಮೂಳೆಗಳ ಸುದ್ದಿ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಅರ್ಧ ಮಾತ್ರೆಯ ವಿಷಯ ತಿಳಿದು ಅಂದು ಕಿಡ್ನಿ ಡಾಕ್ಟರು ಬೈಯುವಾಗ ಅತ್ತೆ ತಲೆ ತಗ್ಗಿಸಿ ನಿಂತಿದ್ದರು. ಅವರು ಹಾಗೆ ನಿಂತದ್ದನ್ನು ನಾನು ಮೊದಲ ಸಲ ಕಂಡೆ. ಬೈದದ್ದು ತಪ್ಪಲ್ಲ. ಆದರೆ ಆ ಬೈಗುಳದಲ್ಲಿ ನಿಮ್ಮ ಪಾಲೂ ಇತ್ತು, ತಾವು ಬಂದು ತೆಗೆದುಕೊಳ್ಳಲಿಲ್ಲ.

ಕಸಿ ಮಾಡಿಸಿಕೊಂಡ ಪ್ರತಿಯೊಬ್ಬರ ಮೂಳೆಯನ್ನೂ ಮುರಿಯುವ ಮೊದಲೇ ಪರೀಕ್ಷಿಸಿ. ಮಾತ್ರೆ ಮೂಳೆಗೆ ಏನು ಮಾಡುತ್ತದೆ, ಆದರೂ ಅದನ್ನು ಯಾಕೆ ಬಿಡಬಾರದು ಎಂದು ಮನೆಯವರನ್ನು ಕೂರಿಸಿ ಹೇಳಿ. ಬೇಗ ಮಾಡಿ. ಅತ್ತೆಯ ಹತ್ತಿರ ಉಳಿದಿರುವುದು ಒಂದೇ ಕಿಡ್ನಿ. ಬೇಕಾದರೆ ಅದನ್ನೂ ತೆಗೆದುಕೊಳ್ಳಿ ಎಂದು ವಾರ್ಡಿನಲ್ಲಿ ನರ್ಸಮ್ಮನಿಗೆ ಹೇಳಿದರು. ನರ್ಸಮ್ಮ ನಕ್ಕರು. ಅತ್ತೆ ನಗಲಿಲ್ಲ.

ಇಂತಿ,
ಸದ್ಯಕ್ಕೆ ಎಲ್ಲೂ ಮುರಿಯದ, ಆದ್ದರಿಂದ ನಿಮ್ಮ ರೋಗಿಯಲ್ಲದ
ಒಬ್ಬ ಸೊಸೆ