ಹೆಸರಿಗೊಬ್ಬ ಖಾನ್

ಮೇ 2, 2025, ಶುಕ್ರವಾರ. ಅಲ್ ಹೈಲ್

ಬಿರಿಯಾನಿ ದಮ್‌ಗೆ ಇಟ್ಟು ಬರೆಯಲು ಕೂತೆ. ಮಂಗಳೂರಿನಿಂದ ಗೈಡ್ ಸ್ಟ್ಯಾನಿ ಸರ್ ಮೆಸೇಜ್: ‘ನಾಝಿಯಾ, ನಿಮ್ಮ ಉಜ್ಬೇಕ್ ಖಾನರು ಎಲ್ಲಿಗೆ ಮುಟ್ಟಿದರು?’ ಎಲ್ಲಿಗೂ ಮುಟ್ಟಿಲ್ಲ ಸರ್. ಒಲೆಯ ಹತ್ತಿರವೇ ಇದ್ದಾರೆ.

ಮಕ್ಕಳು ಕಾಲೇಜಿಗೆ ಹೋದ ಮೇಲೆ ಪಿಎಚ್‌ಡಿ. ಅದೂ ಖೀವಾದ ರಾಜವಂಶದ ಮೇಲೆ. ಹಾರ್ಡ್‌ವೇರ್ ಅಂಗಡಿಯವನ ಹೆಂಡತಿಗೆ ಇದೆಲ್ಲ ಯಾಕೆ ಎಂದು ಕೇಳದವರು ಈ ಬಿಲ್ಡಿಂಗ್‌ನಲ್ಲಿ ಯಾರೂ ಉಳಿದಿಲ್ಲ.

ನೌಶಾದ್ ಊಟಕ್ಕೆ ಬಂದಿಲ್ಲ. ಶುಕ್ರವಾರ, ಬಾಬಾ ಸಾಲಿಂ ಬರುವ ದಿನ. ನಮ್ಮ ಕಫೀಲ್, ಇಲ್ಲಿಯ ಕಾನೂನಿಗೆ ಬೇಕಾದ ಅರಬ್ ಪ್ರಾಯೋಜಕರು. ಲೈಸೆನ್ಸು, ಬೋರ್ಡು ಅವರ ಹೆಸರಿನಲ್ಲಿ, ವ್ಯಾಪಾರ ನಮ್ಮದು. ಮಾವ ಬಾದುಶಾ ಹಾಜಿಯವರ ಕಾಲದಿಂದ ನಡೆದುಬಂದ ಏರ್ಪಾಡು. ಬಾಬಾನ ಮಗಳು ಥುರಯ್ಯಾ ಅಪ್ಪನನ್ನು ಜುಮಾಕ್ಕೆಂದು ಮಸೀದಿಯ ಹತ್ತಿರ ಇಳಿಸುತ್ತಾಳೆ. ನಮಾಝ್ ಮುಗಿಸಿ ಅವರೇ ರಸ್ತೆ ದಾಟಿ ಅಂಗಡಿಗೆ ಬರುತ್ತಾರೆ. ಊರೆಲ್ಲ ಬಾಗಿಲು ಹಾಕಿ ಮಲಗಿರುವ ಹೊತ್ತು. ನೌಶಾದ್ ಮಾತ್ರ ಅವರಿಗಾಗಿ ಶಟರ್ ಎತ್ತಿ, ಎಸಿ ಹಾಕಿ, ಖಾವಾ ಕಾಫಿ, ಖರ್ಜೂರ ಇಟ್ಟು ಕಾಯುತ್ತಾನೆ. ಗಿರಾಕಿ ಒಬ್ಬನೂ ಇರುವುದಿಲ್ಲ. ಮುದುಕರು ಕೌಂಟರಿನ ಹಿಂದೆ ಗಂಭೀರವಾಗಿ ಕೂತಿರುತ್ತಾರೆ. ಮೂರೂವರೆಯ ಹೊತ್ತಿಗೆ, ಅಸರ್ ಬಾಂಗಿಗೆ ಥುರಯ್ಯಾ ಬಂದು ಕರೆದುಕೊಂಡು ಹೋಗುತ್ತಾಳೆ.

ಕಳೆದ ವರ್ಷ ಸ್ಟ್ರೋಕ್ ಆದ ಮೇಲೆ ಬಾಬಾಗೆ ಮೊಮ್ಮಕ್ಕಳ ಹೆಸರೂ ನೆನಪಿಲ್ಲ. ಶುಕ್ರವಾರದ ಈ ದಾರಿಯೊಂದೇ ಉಳಿದಿದೆ ಎನ್ನುತ್ತಾಳೆ ಥುರಯ್ಯಾ.

ಮೇ 6. ಬೆಳಿಗ್ಗೆ

ತಿಂಡಿಗೆ ಕೂತ ನೌಶಾದ್ ಕೇಳಿದ, “ಎಂತ ಮಾಡ್ತಾ ಇದ್ದಾರೆ ನಿನ್ನ ಖಾನರು?”

ಕೇಳುವವರೇ ಇಲ್ಲದವಳಿಗೆ ಇಷ್ಟು ಸಾಕಲ್ಲ. ಶುರು ಮಾಡಿದೆ. ಚಿಂಗೀಸ್ ಖಾನನ ವಂಶದಲ್ಲಿ ಹುಟ್ಟದವನು ಖಾನ್ ಎನಿಸಿಕೊಳ್ಳುವಂತಿರಲಿಲ್ಲ. ಸಮರ್ಕಂದದಿಂದ ಬಾಬರನನ್ನು ಓಡಿಸಿದ ಶೈಬಾನಿಗಳಿಗೆ ಆ ವಂಶವಿತ್ತು. ಕಾಲ ಕಳೆದ ಹಾಗೆ ಬಲ ಬೇರೆಯವರ ಕೈ ಸೇರಿತು, ವಂಶ ಮಾತ್ರ ಸೇರಲಿಲ್ಲ. ಬುಖಾರಾದ ಮಂಗಿತರು ಖಾನ್ ಬೇಡವೆಂದು ಅಮೀರ್ ಎನಿಸಿಕೊಂಡರು. ಕೋಕಂದದವರು ಕತೆಯನ್ನೇ ಕಟ್ಟಿದರು — ಓಡುವಾಗ ಬಾಬರ್ ಒಂದು ಮಗುವನ್ನು ಚಿನ್ನದ ತೊಟ್ಟಿಲಲ್ಲಿ ಬಿಟ್ಟುಹೋದನಂತೆ, ತಾವು ಅದರ ಸಂತತಿಯಂತೆ. ಖೀವಾದ ಕುಂಗ್ರಾತರದ್ದು ಇನ್ನೂ ಜಾಣತನ. ಹುಲ್ಲುಗಾವಲಿನಿಂದ ಚಿಂಗೀಸ್ ವಂಶದವನೊಬ್ಬನನ್ನು ಕರೆಸಿ ಗದ್ದುಗೆಯಲ್ಲಿ ಕೂರಿಸುವುದು. ಜುಮಾದ ಪ್ರವಚನ ಖುತುಬಾದಲ್ಲಿ ಹೆಸರು ಅವನದು, ಆಡಳಿತ ತಮ್ಮದು. ವಿಶೇಷ ದಿನಗಳಲ್ಲಿ ಜನರ ಮುಂದೆ ತೋರಿಸುವುದು. ಸಾಕಾಯಿತೋ, ವಾಪಸ್ ಕಳಿಸಿ ಇನ್ನೊಬ್ಬನನ್ನು ತರುವುದು. ಖಾನ್ ಆಟ ಎಂದೇ ಅದನ್ನು ಕರೆಯುತ್ತಿದ್ದರು.

ನೌಶಾದ್ ಬಿದ್ದು ಬಿದ್ದು ನಕ್ಕ. “ಇದು ನಮ್ಮ ಬಾಬಾನ ಕತೆಯೇ ಅಲ್ವಾ ಮಾರಾಯ್ತಿ! ಮತ್ತೆ ಎಂತಾಯ್ತು?”

“ಎಲ್ತುಝರ್ ಅಂತ ಒಬ್ಬ ಬಂದ. ಆಟ ಸಾಕು ಅಂತ ಖಾನನನ್ನು ಇಳಿಸಿ ತಾನೇ ಕೂತ.”

“ಗಟ್ಟಿಗ ಅವ.”

ಎರಡೇ ವರ್ಷಕ್ಕೆ ಅಮು ದರಿಯಾ ನದಿಯಲ್ಲಿ ಮುಳುಗಿ ಸತ್ತ ಎನ್ನುವಷ್ಟರಲ್ಲಿ ನೌಶಾದ್ ಕೈ ತೊಳೆಯಲು ಎದ್ದಾಗಿತ್ತು.

ಮೇ 14

ಬೌಷರ್‌ನಲ್ಲಿ ನೌಶಾದ್ ಹೊಸ ಅಂಗಡಿ ನೋಡಿ ಬಂದಿದ್ದಾನೆ. ಈಗಿನ ಕಾನೂನಿನಲ್ಲಿ ನಮ್ಮ ಹೆಸರಿಗೇ ಲೈಸೆನ್ಸ್ ಸಿಗುತ್ತದಂತೆ. ಹಳೆಯದು ತಿಂಗಳ ಕೊನೆಗೆ ಮುಗಿಯುತ್ತದೆ, ರಿನ್ಯೂ ಮಾಡುವುದಿಲ್ಲ. “ಇನ್ನೊಬ್ಬರ ಹೆಸರಿನ ಅಡಿಯಲ್ಲಿ ಎಷ್ಟು ಸಮಯ ಬದುಕುವುದು? ಇನ್ನು ಖಾನ್ ಆಟ ಖಲಾಸ್.”

ನನ್ನದೇ ಮಾತು ನನಗೇ ವಾಪಸ್. ಆದರೂ ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ? ಮಾವ ಕಾಣದ ದಿನ ಇದು.

“ಬಾಬಾಗೆ ಎಂತ ಹೇಳುದು?”

“ಅವರಿಗೆ ಹೇಳಿ ಪ್ರಯೋಜನ ಉಂಟಾ? ಥುರಯ್ಯಾಗೆ ಹೇಳ್ತೇನೆ. ಲೈಸೆನ್ಸ್ ಕೈಗೆ ಬರಲಿ. ಮೊದಲೇ ಹೇಳಿದ್ರೆ ಎಲ್ಲಿಯಾದರೂ ಅಡ್ಡ ಬಂದ್ರೆ?”

ಮೇ 23, ಶುಕ್ರವಾರ

ಇವತ್ತು ಖಾವಾ ನಾನೇ ಒಯ್ದೆ. ಹೇಳಿಬಿಡೋಣ ಎಂದೇ ಹೋಗಿದ್ದು. ಮುದುಕರು ಬಿಳಿ ದಿಶ್‌ದಾಶ ನಿಲುವಂಗಿ ಹಾಕಿ, ಅತ್ತರು ಹಚ್ಚಿ, ಪೈಪುಗಳ ರಾಶಿಯ ನಡುವೆ ಕೂತಿದ್ದರು. “ಬಾದುಶಾ ಕಿಧರ್?” ಮಾವ ತೀರಿಹೋದದ್ದನ್ನು ಮೊದಮೊದಲು ಹೇಳುತ್ತಿದ್ದೆವು. ಪ್ರತಿ ಸಲವೂ ಹೊಸದಾಗಿ ಅಳುತ್ತಿದ್ದರು. ಈಗ ಊರಿಗೆ ಹೋಗಿದ್ದಾರೆ ಎನ್ನುತ್ತೇವೆ. ಅದನ್ನೇ ಹೇಳಿದೆ. ತಲೆಯಾಡಿಸಿ ಖರ್ಜೂರವನ್ನು ನನ್ನ ಕಡೆಗೇ ಸರಿಸಿದರು.

ಒಂದು ತಿಂದು, ಹೇಳಬೇಕಾದದ್ದನ್ನು ಹಾಗೆಯೇ ಹೊತ್ತು ಮನೆಗೆ ಬಂದೆ.

ಮೇ 31

ಸಾಮಾನೆಲ್ಲ ಬೌಷರ್‌ಗೆ ಹೋಯಿತು. ಬೋರ್ಡ್ ಬಿಚ್ಚಲು ಏಣಿ ತಂದರು. ನಾನೇ ಬೇಡವೆಂದೆ. “ಅವರ ಹೆಸರಾದ್ರೂ ಇರಲಿ. ನಾವು ಕಿತ್ತು ಬಿಸಾಡಿದ್ರೆ ಮರ್ಯಾದೆ ಅಲ್ಲ.” ಜುಲೈವರೆಗೆ ಬಾಡಿಗೆ ಹೇಗೂ ಕೊಟ್ಟಾಗಿದೆ.

“ಅದೂ ಸರಿ,” ಎಂದು ನೌಶಾದ್ ಏಣಿ ವಾಪಸ್ ಕಳಿಸಿದ.

ಶಟರ್ ಎಳೆದು ಬೀಗ ಹಾಕಿದೆವು. ಮೇಲೆ ಬೋರ್ಡ್ ಮೊದಲಿನ ಹಾಗೆಯೇ ಹೊಳೆಯುತ್ತಿತ್ತು. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು.

ಜೂನ್ 6. ಹಬ್ಬ

ನೌಶಾದ್ ಫೋನಿನಲ್ಲಿ ಥುರಯ್ಯಾಗೆ ಈದ್ ಮುಬಾರಕ್ ಹೇಳಿದ. ಅವರೆಲ್ಲ ಹಬ್ಬಕ್ಕೆ ನಿಝ್ವಾಕ್ಕೆ ಹೋಗಿದ್ದಾರಂತೆ. ಅಂಗಡಿಯ ವಿಷಯ ಹೇಳಿದೆಯಾ ಎಂದೆ.

“ಹಬ್ಬದ ದಿನ ಬೇಡ ಅಂತ...”

ಜೂನ್ 10

ಸ್ಟ್ಯಾನಿ ಸರ್ ಅಧ್ಯಾಯ ಓದಿದ್ದಾರೆ. ಮಾರ್ಜಿನ್‌ನಲ್ಲಿ ಒಂದೇ ಪ್ರಶ್ನೆ: ‘ಗದ್ದುಗೆಯಿಂದ ಇಳಿಸಿದ ಮೇಲೆ ಆ ಖಾನರು ಏನಾದರು? ಒಂದು ವಾಕ್ಯವೂ ಇಲ್ಲ.’ ಆಕರಗಳಲ್ಲಿ ಹೆಚ್ಚೇನೂ ಸಿಗುವುದಿಲ್ಲ, ಹುಲ್ಲುಗಾವಲಿಗೆ ಮರಳಿದರು ಎಂದು ಸೇರಿಸುತ್ತೇನೆ ಎಂದು ಉತ್ತರಿಸಿದೆ.

ಜೂನ್ 13, ಶುಕ್ರವಾರ

ಬೌಷರ್‌ನಲ್ಲಿದ್ದೆವು. ರ‍್ಯಾಕ್ ಜೋಡಿಸುತ್ತಿದ್ದೆವು. ಹಬ್ಬ ಕಳೆದು ಥುರಯ್ಯಾಗೆ ಹೇಳಬೇಕಾದ ಮಾತು ಇಬ್ಬರಿಗೂ ಮರೆತೇ ಹೋಗಿತ್ತು. ಅಸರ್ ಬಾಂಗ್ ಆಗುತ್ತಿದ್ದಂತೆ ಥುರಯ್ಯಾಳ ಫೋನ್. ಕಿರುಚುತ್ತಿದ್ದಳು. “ದುಕಾನ್ ಬಂದ್ ಹೈ! ಬಾಬಾ ಇಧರ್ ನೀಚೇ...”

ಜೂನ್ 14

ತೀರಿಕೊಂಡರು. ಬೆಳಗಿನ ಜಾವ, ಐಸಿಯುನಲ್ಲಿ. ಬಿಸಿಲಿನ ಆಘಾತ.

ನಮಾಝ್ ಮುಗಿಸಿ ಎಂದಿನಂತೆ ರಸ್ತೆ ದಾಟಿದ್ದಾರೆ. ತಮ್ಮ ಹೆಸರಿನ ಬೋರ್ಡ್ ಕಂಡಿದೆ. ಹಾಗಾಗಿ ಜಾಗ ತಪ್ಪಿದ್ದೇನೆ ಎಂದೂ ಅನ್ನಿಸಿರಲಿಕ್ಕಿಲ್ಲ. ಶಟರ್ ಎತ್ತಲು ನೋಡಿದ್ದಾರೆ. ಕಾದ ಕಬ್ಬಿಣ, ಎರಡೂ ಅಂಗೈ ಬೊಬ್ಬೆ ಎದ್ದಿತ್ತು. ಈಗ ತೆರೆಯುತ್ತಾರೆ, ಈಗ ತೆರೆಯುತ್ತಾರೆ ಎಂದು ಮೆಟ್ಟಿಲ ಮೇಲೆ ಕೂತಿದ್ದಾರೆ. ಆ ಹೊತ್ತಿನಲ್ಲಿ ರಸ್ತೆಯಲ್ಲಿ ನರಪಿಳ್ಳೆಯೂ ಇರುವುದಿಲ್ಲ.

ಬೋರ್ಡ್ ಇಲ್ಲದಿದ್ದರೆ ಮಸೀದಿಗೆ ವಾಪಸ್ ಹೋಗುತ್ತಿದ್ದರೇನೋ. ಯಾರನ್ನಾದರೂ ಕೇಳುತ್ತಿದ್ದರೇನೋ. ಇರಲಿ ಎಂದವಳು ನಾನು.

ನೌಶಾದ್ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ನನಗೆ ಅವನನ್ನು ಮುಟ್ಟಲೂ ಮನಸ್ಸಿಲ್ಲ, ಬಿಟ್ಟು ಏಳಲೂ ಮನಸ್ಸಿಲ್ಲ.

ಜೂನ್ 17

ಮರಣದ ಮನೆಗೆ ಹೋಗಿದ್ದೆ. ಹೆಂಗಸರ ಕಡೆ ಥುರಯ್ಯಾ ನನ್ನನ್ನು ತಬ್ಬಿಕೊಂಡು ಪಕ್ಕದಲ್ಲೇ ಕೂರಿಸಿಕೊಂಡಳು. ಮಾತು ಅವಳ ಬಜಾರ್ ಹಿಂದಿಯಲ್ಲಿ. ಶುಕ್ರವಾರ ಬಾಬಾ ಡಾಕ್ಟರ ಹತ್ತಿರವೂ ಬರುತ್ತಿರಲಿಲ್ಲವಂತೆ. “ಮೈಂ ಬೈಠೇಗಾ ತೋ ಬಾದುಶಾ ಕೇ ಬಚ್ಚೋಂ ಕೋ ಕೋಯಿ ಹಾಥ್ ನಹೀಂ ಲಗಾಯೇಗಾ” ಎನ್ನುತ್ತಿದ್ದರಂತೆ. ನಾನು ಕೂತಿದ್ದರೆ ಬಾದುಶಾನ ಮಕ್ಕಳನ್ನು ಯಾರೂ ಮುಟ್ಟುವುದಿಲ್ಲ. ಶುಕ್ರವಾರ ಮಧ್ಯಾಹ್ನ ಯಾವ ಇನ್‌ಸ್ಪೆಕ್ಟರ್ ಬರುತ್ತಾನೆ ಎಂದು ಮನೆಯವರೆಲ್ಲ ತಮಾಷೆ ಮಾಡುತ್ತಿದ್ದರಂತೆ. ಹೇಳುತ್ತಾ ನಕ್ಕಳು, ನಗುತ್ತಲೇ ಅತ್ತಳು.

ನಾವು ಅವರನ್ನು ಕೂರಿಸಿದ್ದೇವೆ ಎಂದುಕೊಂಡಿದ್ದೆವು. ಅವರು ನಮಗಾಗಿ ಕಾವಲು ಕೂತಿದ್ದರು.

ಆಮೇಲೆ ಮೆಲ್ಲಗೆ ಕೇಳಿದಳು, ಆ ದಿನ ನೌಶಾದ್ ಯಾಕೆ ತೆರೆಯಲಿಲ್ಲ? ಹುಷಾರಿರಲಿಲ್ಲವಾ?

ಅವಳಿಗೆ ಇನ್ನೂ ಗೊತ್ತಿಲ್ಲ. ನಾವು ಬಿಟ್ಟುಹೋದದ್ದೇ ಗೊತ್ತಿಲ್ಲ.

“ಬುಖಾರ್ ಥಾ,” ಎಂದೆ. ಜ್ವರ. ಬಾಯಿಂದ ಬಂದುಹೋಯಿತು. ಅವಳು ನನ್ನ ಕೈ ಸವರಿ, ಈಗ ಹೇಗಿದ್ದಾನೆ ಎಂದು ವಿಚಾರಿಸಿದಳು.

ಜೂನ್ 20, ಶುಕ್ರವಾರ. ಜುಮಾ ಕಳೆದು

ಬೆಳಿಗ್ಗೆ ಥುರಯ್ಯಾಳ ಫೋನ್ ಬಂದಿತ್ತು. ಬಾಬಾ ಕೂರುತ್ತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಕೂರಬೇಕಂತೆ. ಜ್ವರದವನಿಗೆಂದು ಸೂಪ್ ಮಾಡಿ ತರುತ್ತಾಳಂತೆ. ಶಟರ್ ಎತ್ತಿಟ್ಟರೆ ಸಾಕಂತೆ.

ನೌಶಾದ್ ಕೀ ನನ್ನ ಕೈಗಿಟ್ಟ. “ನನ್ನಿಂದ ಆಗುದಿಲ್ಲ ನಾಝಿಯಾ. ನೀನೇ ಎಂತಾದ್ರೂ ಹೇಳು.”

ಸುಳ್ಳಾದರೆ ಸುಲಭ. ಅಂಗಡಿ ರಿಪೇರಿಗೆ ಖಾಲಿ ಮಾಡಿದ್ದೇವೆ ಎಂದರೂ ನಂಬುತ್ತಾಳೆ. ನಾವು ಏನು ಹೇಳಿದರೂ ಅವಳು ನಂಬುತ್ತಾಳೆ, ಅದೇ ಕಷ್ಟ. ಇಲ್ಲ, ಹೇಳಿಬಿಡುತ್ತೇನೆ. ಆಮೇಲೆ ಪೊಲೀಸ್‌ಗೆ ಕೊಡಲಿ, ಉಗಿಯಲಿ, ಊರಿಗೆ ಅಟ್ಟಲಿ.

ಒಳಗೆ ಬಂದು ಶಟರ್ ಎಳೆದುಕೊಂಡು ಕೂತಿದ್ದೇನೆ. ಕರೆಂಟ್ ಇಲ್ಲ. ಮೊಬೈಲ್ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಬೆವರಿಗೆ ಕಾಗದ ಒದ್ದೆ. ಕೆಲವು ನಿಮಿಷಕ್ಕೇ ಉಸಿರು ಕಟ್ಟುತ್ತಿದೆ, ಅವರು ಹೊರಗೆ ಬಿಸಿಲಿನಲ್ಲಿ... ಹಿಂದಿಯಲ್ಲಿ ಜೋಡಿಸಿ ನೋಡುತ್ತಿದ್ದೇನೆ. ಥುರಯ್ಯಾ, ಬುಖಾರ್ ನಹೀಂ ಥಾ. ಹಮ್ ಲೋಗ್... ಹಮ್ ಲೋಗ್ ದುಕಾನ್...

ಕಾರು ನಿಂತಿತು. ಶಟರ್ ತಟ್ಟುತ್ತಿದ್ದಾಳೆ.

“ನೌಶಾದ್? ಅಂದರ್ ಹೈ?”

ಏಳಬೇಕು. ಎದ್ದು