ಅರ್ಧಕ್ಕೆ ನಿಂತ ಲಾಲೋನ ಕಥೆ

ಡಿಸೆಂಬರ್ 1, 1996
ಭಾನುವಾರ

ನನ್ನ ತೇಜಿಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ಪಟಿಯಾಲಾದಲ್ಲಿ ನೀನು, ಬಲಕಾರ, ಮಗು ಮೂವರೂ ನಗುನಗುತ್ತಾ ಇರಿ ಎಂದು ಬಾಬಾ ನಾನಕರನ್ನು ಬೇಡುತ್ತೇನೆ.

ಆರು ವರ್ಷದ ಮೇಲೆ ನನ್ನ ಅಕ್ಷರ ಕಂಡು, ಯಾರಿಗೋ ಏನೋ ಆಯಿತೆಂದು ಹೆದರಬೇಡ. ಎಲ್ಲರೂ ಗಟ್ಟಿಯಾಗಿದ್ದೇವೆ. ಎಮ್ಮೆ ಕರು ಹಾಕಿದೆ. ಕಬ್ಬು ಆಳೆತ್ತರ ನಿಂತಿದೆ. ನನ್ನ ಮಂಡಿಗಳು ಮಾತ್ರ ಚಳಿ ಶುರುವಾದರೆ ನನ್ನ ಮಾತು ಕೇಳುವುದಿಲ್ಲ.

ಗುರುಗಳ ಹುಟ್ಟುಹಬ್ಬದ ಹಿಂದಿನ ದಿನ ನಮ್ಮೂರ ಗುರುದ್ವಾರದಲ್ಲಿ ನಾನು ಬಾಬಾ ಅವರ ಕಥೆ ಹೇಳುವುದು ನಿನಗೆ ಗೊತ್ತೇ ಇದೆ. ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ. ನೀನು ಚಿಕ್ಕವಳಿದ್ದಾಗ ನನ್ನ ದುಪಟ್ಟಾ ಅಂಚು ಬಾಯಲ್ಲಿಟ್ಟುಕೊಂಡು ಕೇಳುತ್ತಿದ್ದೆ. ಈ ಸಲ ಹೆಂಗಸರು ಲಾಲೋನ ಕಥೆಯೇ ಬೇಕೆಂದರು. ನಾನೂ ಹುಮ್ಮಸ್ಸಿನಿಂದ ಶುರುಮಾಡಿದೆ. ಬಾಬಾ ನಾನಕರು ದೂರದ ದಾರಿ ನಡೆದು ಒಂದು ಊರಿಗೆ ಬಂದದ್ದು, ಅಲ್ಲಿನ ದೊಡ್ಡ ಅಧಿಕಾರಿ ಔತಣಕ್ಕೆ ಕರೆದರೂ ಹೋಗದೆ ಬಡಗಿ ಲಾಲೋನ ಬಾಗಿಲಲ್ಲಿ ನಿಂತದ್ದು, ಲಾಲೋ ಉಳಿ ಕೆಳಗಿಟ್ಟು ಎದ್ದದ್ದು. ಅಷ್ಟು ಹೇಳಿ ತಲೆ ಎತ್ತಿದೆ. ಕಂಬದ ಹತ್ತಿರ ಬಲಕಾರನ ಅಪ್ಪ, ನಿನ್ನ ಮಾವ ಸರದೂಲ್ ಸಿಂಗ್ ಕೂತಿದ್ದರು. ಗಡ್ಡದಲ್ಲಿ ಮರದ ಹೊಟ್ಟು. ಎಲ್ಲರಿಗೂ ಊಟ ಹಾಕುವ ಲಂಗರಿನ ಹೊಸ ಅಡುಗೆಮನೆಗೆ ಬಾಗಿಲು ಕೂಡಿಸಲು ಹದಿನೈದು ದಿನದಿಂದ ಸೇವೆಗೆಂದು ಬರುತ್ತಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ.

ಮುಂದಿನ ಮಾತು, ಲಾಲೋ ಹಾಕಿದ ಒರಟು ರೊಟ್ಟಿಯನ್ನು ಬಾಬಾ ಪ್ರೀತಿಯಿಂದ ಉಂಡರು ಎನ್ನುವುದು. ಅದನ್ನು ಆ ಮನುಷ್ಯನ ಎದುರು ಹೇಗೆ ಹೇಳಲಿ? ಕಥೆಯನ್ನು ತಿರುಗಿಸಿ, ಬಾಬಾ ಕೊನೆಗಾಲದಲ್ಲಿ ರಾವಿ ನದಿಯ ಆಚೆ ದಡದಲ್ಲಿ ನೇಗಿಲು ಹಿಡಿದು ಉತ್ತದ್ದಕ್ಕೆ ಹಾರಿಬಿಟ್ಟೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಮಂಡಿ ನೋವು ಎಂದು ಬೇಗ ಎದ್ದೆ.

ಮಾರನೆಯ ದಿನ ಹಬ್ಬದ ಲಂಗರಿನಲ್ಲಿ ರೊಟ್ಟಿ ಬಡಿಸುವ ಕೆಲಸ ನನ್ನದು. ಸಾಲಿನಲ್ಲಿ ಅವರೂ ಕೂತಿದ್ದರು, ಒಂದು ಕಡೆ ನಮ್ಮ ಸರಪಂಚ, ಇನ್ನೊಂದು ಕಡೆ ಚಮ್ಮಾರ ಮುದುಕ. ಎರಡೂ ಕೈ ಜೋಡಿಸಿ ಒಡ್ಡಿದರು. ನಾನು ರೊಟ್ಟಿ ಇಟ್ಟೆ. ಅವರು ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ ಅಂದರು:

“ತಂಗಿ, ನಿನ್ನೆ ಲಾಲೋನ ಕಥೆ ಅರ್ಧಕ್ಕೇ ಬಿಟ್ರಲ್ಲ. ಅದನ್ನ ಕೇಳ್ಬೇಕು ಅಂತಲೇ ನಮ್ಮನೆಯೋಳು ನಾಲ್ಕು ಮೈಲಿ ನಡ್ಕೊಂಡು ಬಂದಿದ್ಲು.”

ಆ ದನಿಯಲ್ಲಿ ಕೊಂಕು ಇರಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಈಗ ನಿನಗೆ ಒಂದು ನಿಜ ಹೇಳಬೇಕು. ನಿನ್ನ ಮದುವೆಗೆ, ಅಪ್ಪನಿಲ್ಲದ ಮನೆಗೆ ಹಿರಿಯರಾದ ದೊಡ್ಡಪ್ಪ ಬೇಡ ಅಂದರು, ಅದಕ್ಕೇ ನಮ್ಮ ಕಡೆಯಿಂದ ಯಾರೂ ಬರಲಿಲ್ಲ ಎಂದು ನೀನು ತಿಳಿದಿದ್ದೀಯ. ನಾನೇ ಹಾಗೆ ಹೇಳಿ ಕಳಿಸಿದ್ದೆ. ನಿನ್ನ ದೊಡ್ಡಪ್ಪ ಬೇಡ ಅನ್ನಲೇ ಇಲ್ಲ. ಬೀಗರಿಗೆ ಕೊಡಲು ಗುಲಾಬಿ ಬಣ್ಣದ ಪೇಟ ತಂದು ನನ್ನ ಮುಂದೆ ಇಟ್ಟರು, ಹುಡುಗ ಒಳ್ಳೆಯವನು, ಹೋಗೋಣ ಅಂದರು. ಜಮೀನ್ದಾರರ ಮಗಳು ಬಡಗಿಯ ಒಲೆ ಊದುವುದೇ ಎಂದು ಹಟ ಹಿಡಿದು ಬಾಗಿಲು ಹಾಕಿಕೊಂಡವಳು ನಾನು. ಮಗು ಹುಟ್ಟಿದ ಸುದ್ದಿಯ ನಿನ್ನ ಪತ್ರವೂ ತಲುಪಿತ್ತು. ಹಾಸಿಗೆ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ. ಎಷ್ಟು ಸಲ ಓದಿದೆನೆಂದು ಕೇಳಬೇಡ.

ಹಬ್ಬ ಮುಗಿದ ಮಾರನೆಯ ದಿನ ಅವರ ಊರಿಗೆ ನಡೆದೇ ಹೋದೆ. ನಿನ್ನತ್ತೆ ಬಚಿಂತ್ ಕೌರ್ ಅಂಗಳದಲ್ಲಿ ಸಾಸಿವೆ ಸೊಪ್ಪು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಲಿಲ್ಲ, ಮಂಚದ ಮೇಲಿನ ಸೊಪ್ಪು ಸರಿಸಿ ಜಾಗ ಮಾಡಿದಳು. ಬಿಟ್ಟ ಕಥೆ ಹೇಳಿ ಮುಗಿಸಲು ಬಂದೆ ಎಂದೆ.

“ಮೊದ್ಲು ಊಟ, ಆಮೇಲೆ ಕಥೆ. ಲಾಲೋನೂ ಹಂಗೇ ಮಾಡಿರ್ಬೇಕು,” ಅಂದಳು.

ಮೆಕ್ಕೆಜೋಳದ ರೊಟ್ಟಿ ಒಂದು ಕಡೆ ಸೀದಿತ್ತು. ಮಾತಿನ ಭರದಲ್ಲಿ ತಿರುವಿ ಹಾಕುವುದನ್ನು ಮರೆತಿದ್ದಳು. ನಾನು ಆ ಸೀದ ರೊಟ್ಟಿಯನ್ನೇ ಕೇಳಿ ಹಾಕಿಸಿಕೊಂಡೆ, ಸೊಪ್ಪಿನ ಮೇಲೆ ಅವಳು ಹಾಕಿದ ಬೆಣ್ಣೆ ಮೊಣಕೈವರೆಗೆ ಇಳಿಯಿತು. ಉಂಡು ಕೈ ತೊಳೆದು ಕಥೆ ಹೇಳಿದೆ. ಬೇರೆಯವರ ಬೆವರಿನ ಔತಣ ಬಿಟ್ಟು, ಸ್ವಂತ ದುಡಿಮೆಯ ರೊಟ್ಟಿಯನ್ನು ಬಾಬಾ ಆರಿಸಿಕೊಂಡರು ಎನ್ನುವಲ್ಲಿಗೆ ಬಂದಾಗ ನನಗೆ ಅಳು ಬಂತು. ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಕೈ ಒರಟು, ಬಿಸಿ.

ಆಮೇಲೆ ಅವಳ ಸರದಿ. ನಿನ್ನ ಮಗಳು ಹುಟ್ಟಿದ ದಿನ ಊರಿಗೆಲ್ಲ ಲಡ್ಡು ಹಂಚಿದಳಂತೆ. ಹೆಣ್ಣು ಹುಟ್ಟಿದ್ದಕ್ಕೆ ಯಾರಾದರೂ ಲಡ್ಡು ಹಂಚುತ್ತಾರಾ ಎಂದು ನೆರೆಯವಳೊಬ್ಬಳು ಆಡಿಕೊಂಡಾಗ, ಹೆಣ್ಣನ್ನು ಕೀಳು ಅನ್ನಬೇಡಿ ಅಂತ ಬಾಬಾ ಯಾರಿಗೆ ಹೇಳಿದ್ದು, ಎಮ್ಮೆಗಳಿಗಾ ಎಂದು ಇವಳು ಕೇಳಿದಳಂತೆ. ತೇಜಿ, ಬಾಬಾ ಅವರ ಕಥೆ ಹೇಳುತ್ತಿದ್ದವಳು ನಾನು. ಅವಳು ಅದರಂತೆ ಬದುಕುತ್ತಿದ್ದಳು.

ಮುಂದಿನ ತಿಂಗಳ ಲೋಹಡಿ ಹಬ್ಬಕ್ಕೆ ಮೂವರೂ ಬನ್ನಿ. ಮಗುವನ್ನು ನಾನು ಹಬ್ಬದ ಬೆಂಕಿಯ ಸುತ್ತ ಎತ್ತಿಕೊಂಡು ತಿರುಗಬೇಕು. ಬಲಕಾರನಿಗೆ ನಾನು ಕ್ಷಮೆ ಕೇಳಿದೆನೆಂದು ಹೇಳು. ಬೇಡ, ನೀನು ಹೇಳಬೇಡ. ಬಂದಾಗ ನಾನೇ ಹೇಳುತ್ತೇನೆ.

ಇಂತಿ ನಿನ್ನ ಅಮ್ಮ,
ನಛತ್ತರ್ ಕೌರ್

ತಾ.ಕ.: ಬಸ್ಸಿಳಿದು ನಮ್ಮೂರಿಗೆ ಹೋಗಬೇಡ, ಬೀಗ ಕಂಡು ಗಾಬರಿಯಾದೀಯ. ಕಥೆ ಹೇಳಲು ಬಂದವಳು ಐದು ದಿನದಿಂದ ನಿನ್ನತ್ತೆಯ ಮನೆಯಲ್ಲೇ ಇದ್ದೇನೆ, ಲೋಹಡಿವರೆಗೆ ಕಳಿಸುವುದಿಲ್ಲ ಅನ್ನುತ್ತಿದ್ದಾಳೆ. ಎಮ್ಮೆಯನ್ನು ನಿನ್ನ ದೊಡ್ಡಪ್ಪ ನೋಡಿಕೊಳ್ಳುತ್ತಿದ್ದಾರೆ. ಬಚಿಂತಳಿಗೆ ಓದು ಬಾರದು, ಪತ್ರವನ್ನೆಲ್ಲ ನಾನೇ ಓದಿ ಕೇಳಿಸಿದೆ, ಬಾಗಿಲು ಹಾಕಿಕೊಂಡದ್ದನ್ನೂ ಬಿಡದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. ಇಂದು ಬೆಳಿಗ್ಗೆ ಬಾವಿಯ ಹತ್ತಿರ ಈ ಊರಿನ ಹೆಂಗಸೊಬ್ಬಳು ನಾನು ಯಾರೆಂದು ವಿಚಾರಿಸಿದಳು. ಬಚಿಂತಳ ಬೀಗತಿ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.