ಸಡಿಲವಾದ ಪ್ಯಾಂಟು

ಮಾರ್ಚ್ ೧೨, ಗುರುವಾರ.

ಮಂಡಿ ಇವತ್ತೂ ಹಿಡಿದುಕೊಂಡಿದೆ. ತೂಕ ಇಳಿಯದಿದ್ದರೆ ಹೊಲಿಗೆ ಮೆಷಿನ್ ತುಳಿಯುವುದನ್ನೇ ಬಿಡಬೇಕು ಎಂದಿದ್ದಾರೆ ಡಾಕ್ಟರು. ತುಳಿಯದ ಟೈಲರ್ ಎಂದರೆ ಅಂಗಡಿ ಬಾಗಿಲಿನ ಗೊಂಬೆಗೆ ಸಮ. ಗೊಂಬೆಗಾದರೂ ಸೊಂಟವಿದೆ.

ತಿಂಗಳೊಳಗೆ ಹದಿನೈದು ಕಿಲೋ ಇಳಿಸುತ್ತೇನೆ ಎಂದು ಬಂದವರಿಗೆಲ್ಲ ಕೊಚ್ಚಿಕೊಂಡಿದ್ದೆ. ಇವತ್ತು ಅಕ್ಕನ ಮಗಳು ಬಂದಾಗ ಪ್ಯಾಂಟಿನ ಸೊಂಟ ಎಳೆದು ತೋರಿಸಿದೆ. "ನೋಡೇ, ಎಷ್ಟು ಸಡಿಲ! ನಿನ್ನ ಮಾವ ಅಂದ್ರೆ ಏನಂದ್ಕೊಂಡೆ?"

ಅವಳು ನರ್ಸು, ಬಾಯಿಮಾತು ನಂಬುವವಳಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಮುಳ್ಳು ಹೋದ ಸಲಕ್ಕಿಂತ ಮುಂದೆ ಹೋಯಿತು. ಆಮೇಲೆ ಅವಳು ನನ್ನ ಹಿಂದೆ ಬಂದು ಪ್ಯಾಂಟಿನ ಸೊಂಟದ ಪಟ್ಟಿ ನೋಡಿದಳು.

"ಮಾವ, ಇಲ್ಲಿ ಹಳೇ ಹೊಲಿಗೆ ಗುರುತಿದೆ. ಬಿಚ್ಚಿ ಅಗಲ ಮಾಡ್ಕೊಂಡಿದ್ದೀರಾ?"

ದೇವರಾಣೆ, ನೆನಪೇ ಇರಲಿಲ್ಲ. ಬಿಗಿಯಾದ ಬಟ್ಟೆ ಸಿಕ್ಕರೆ ಸಡಿಲ ಮಾಡುವುದು ಈ ಕೈಯ ಚಾಳಿ, ಯಾರದೆಂದು ಕೇಳುವುದಿಲ್ಲ. ಗಿರಾಕಿಗಳ ಬಟ್ಟೆ ರಾಶಿಯಲ್ಲಿ ನನ್ನದೂ ಸೇರಿತ್ತೇನೋ.

ಬೈಯುತ್ತಾಳೆ ಎಂದುಕೊಂಡೆ. "ಕಿಲೋ ಮಾತು ಬಿಡಿ. ದಿನಾ ಸಂಜೆ ಬೀದಿ ಕೊನೇವರೆಗೂ ನಡೀರಿ, ಸದ್ಯಕ್ಕೆ ಅಷ್ಟು ಸಾಕು" ಎಂದು ಜೊತೆಗೇ ಹೊರಟಳು. ಅರ್ಧ ದಾರಿಗೇ ಏದುಸಿರು ಬಂತು. ಎದುರು ಬಂದವನ ಅಂಗಿಯ ಕಾಲರ್ ಪರೀಕ್ಷಿಸುವವನಂತೆ ನಿಂತೆ.

"ಹೊಲಿಗೆ ಚೆನ್ನಾಗಿದ್ಯಾ ಮಾವ?" ಎಂದಳು, ತೋಳು ಹಿಡಿದು.

"ತೀರಾ ಕಳಪೆ" ಎಂದೆ. ಅಷ್ಟು ಹೇಳುವುದಕ್ಕೂ ಉಸಿರು ಸಾಲಲಿಲ್ಲ. ಇಬ್ಬರಿಗೂ ನಗು ಬಂತು. ನಿಂತು ನಿಂತು ಬೀದಿಯ ಕೊನೆ ಮುಟ್ಟಿದೆವು. ಕೊಚ್ಚಿಕೊಳ್ಳುವಂಥದ್ದೇನಲ್ಲ. ಆದರೂ ಮುಟ್ಟಿದೆ.

ನಾಳೆ ಅವಳಿಗೆ ಡ್ಯೂಟಿ, ನಾನೊಬ್ಬನೇ ಹೋಗಬೇಕು. ಎದುರಿಗೆ ಯಾರೂ ಬರದಿದ್ದರೆ ಯಾವ ನೆಪ ಹೂಡಿ ನಿಲ್ಲಲಿ? ಸುಮ್ಮನೆ ನಿಂತರೂ ಆಯಿತು, ನಿಂತು ಮತ್ತೆ ನಡೆದರಾಯಿತು.